ಇಂಗ್ಲಿಷಿನಲ್ಲಿ ಮಾತು ಎಲ್ಲಿ ತಡೆಯುತ್ತದೆ?

ಪ್ರಶ್ನೆ: ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದೆ. ಇಂಗ್ಲಿಷಿನ ಪಾಠ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆದು ಒಳ್ಳೆಯ ಅಂಕಗಳನ್ನೂ ಪಡೆಯುತ್ತೇನೆ. ಆದರೆ ಸೆಮಿನಾರಿಗೆ ಎದ್ದು ನಿಂತರೆ ಮಾತು ಮುಂದೆ ಸಾಗುವುದಿಲ್ಲ. ಈಚೆಗೆ ಗೆಳೆಯನೊಬ್ಬ ನನ್ನ ಹತ್ತು ನಿಮಿಷದ ಸೆಮಿನಾರನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ಕೇಳುತ್ತ ಎಣಿಸಿದೆ: ‘ಅ…’, ‘ಉಂ…’ ಎಂದದ್ದು, ಒಂದೇ ಪದವನ್ನು ಎರಡೆರಡು ಸಲ ಹೇಳಿದ್ದು, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಮತ್ತೆ ಶುರುಮಾಡಿದ್ದು ಎಲ್ಲ ಸೇರಿ 94 ಸಲ. ಕನ್ನಡದಲ್ಲಿ ನನಗೆ ಈ ತೊಂದರೆ ಇಲ್ಲ. ಇದು ಉಗ್ಗೇ? ವೈದ್ಯರನ್ನು ಕಾಣಬೇಕೇ? ಮೌಖಿಕ ಪರೀಕ್ಷೆಗೆ ಇನ್ನು ಆರು ವಾರಗಳಿವೆ. ಅಷ್ಟರೊಳಗೆ ಈ ‘ಅ…’ಗಳನ್ನು ಹೋಗಲಾಡಿಸಬಹುದೇ?

ಉತ್ತರ: ನಿಮ್ಮನ್ನು ಹೆದರಿಸಿರುವುದು 94 ಎಂಬ ಆ ಅಂಕಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತನಾಡುವ ವಿದ್ಯಾರ್ಥಿ ನಿಮಿಷಕ್ಕೆ 80ರಿಂದ 90 ಪದಗಳನ್ನು ಹೇಳುತ್ತಾನೆಂದು ಇಟ್ಟುಕೊಂಡರೆ, ಹತ್ತು ನಿಮಿಷಕ್ಕೆ ಸುಮಾರು 850 ಪದಗಳಾಗುತ್ತವೆ. ಆ ಲೆಕ್ಕದಲ್ಲಿ ನಿಮ್ಮದು ನೂರು ಪದಗಳಿಗೆ 11 ತಡವರಿಕೆ. ಇಂಗ್ಲಿಷ್ ತಾಯ್ನುಡಿಯಾಗಿರುವವರು ಸಿದ್ಧತೆಯಿಲ್ಲದೆ ಮಾತನಾಡುವಾಗ, ಮೌನದ ನಿಲುಗಡೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ನೂರು ಪದಗಳಿಗೆ ಸುಮಾರು 6 ಸಲ ತಡವರಿಸುತ್ತಾರೆ. ಅಮೆರಿಕದಲ್ಲಿ 1995ರಲ್ಲೂ 2001ರಲ್ಲೂ ಪ್ರಕಟವಾದ ಎರಡು ಬೇರೆ ಬೇರೆ ಅಧ್ಯಯನಗಳಲ್ಲಿ ಹೆಚ್ಚುಕಡಿಮೆ ಇದೇ ಅಂಕಿ ಬಂದಿದೆ. ಹಾಗಾದರೆ ನೀವು ಅವರಿಗಿಂತ ಎರಡರಷ್ಟೂ ತಡವರಿಸಿಲ್ಲ. ನಾವು ಹೊಗಳಿಕೆಯಾಗಿ ಬಳಸುವ ‘ನಿರರ್ಗಳ’ ಎಂಬ ಪದದ ಮೂಲಾರ್ಥ ‘ಅಗುಳಿಯಿಲ್ಲದ್ದು’ ಎಂದು. ಅಗುಳಿಯೇ ಇಲ್ಲದ ಮಾತು ಯಾವ ಭಾಷೆಯಲ್ಲೂ ಯಾರ ಬಾಯಲ್ಲೂ ಇಲ್ಲ.

ಆದರೂ ನಿಮ್ಮ ಸೆಮಿನಾರು ಕೇಳಿದವರಿಗೆ ಅದು ಎರಡರಷ್ಟಲ್ಲ, ಹತ್ತರಷ್ಟು ತಡೆದಂತೆ ಕೇಳಿಸಿರಬಹುದು. ಅದರ ಕಾರಣಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಉಗ್ಗಿನ ಸಂದೇಹವನ್ನು ಮುಗಿಸಿಬಿಡೋಣ.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನ ಮಕ್ಕಳು ಅದರಿಂದ ಹೊರಬರುತ್ತಾರೆ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಅದು ಉಳಿದಿರುತ್ತದೆ. ಅದರ ಚಹರೆಯೇ ಬೇರೆ. ಅಲ್ಲಿ ಇಡೀ ಪದಕ್ಕಿಂತ ಪದದ ತುಣುಕು ಮರುಕಳಿಸುತ್ತದೆ, ‘ಪ-ಪ-ಪ-ಪ್ರೊಫೆಸರ್’ ಎಂಬಂತೆ. ಒಂದು ಧ್ವನಿ ಎಳೆದುಕೊಂಡೇ ಹೋಗುತ್ತದೆ. ಇಲ್ಲವೇ ಬಾಯಿ ಪದಕ್ಕೆ ಸಿದ್ಧವಾಗಿ ನಿಂತಿದ್ದರೂ ಸ್ವರವೇ ಹೊರಡುವುದಿಲ್ಲ. ತುಟಿ, ದವಡೆ, ಕುತ್ತಿಗೆಗಳಲ್ಲಿ ಬಿಗಿತ ಕಾಣುತ್ತದೆ, ಕೆಲವರು ಕಣ್ಣು ಬಿಗಿಯಾಗಿ ಮುಚ್ಚುತ್ತಾರೆ, ಕೆಲವರಿಗೆ ತಮ್ಮ ಹೆಸರು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗುತ್ತದೆ. ಎರಡು ಭಾಷೆಗಳನ್ನಾಡುವವರಲ್ಲಿ ಉಗ್ಗು ಹೆಚ್ಚುಕಡಿಮೆಯಾಗಿಯಾದರೂ ಸಾಮಾನ್ಯವಾಗಿ ಎರಡರಲ್ಲೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಇದು: ಉಗ್ಗುವವರಿಗೆ ಹೇಳಬೇಕಾದ ಪದ ಯಾವುದೆಂದು ಚೆನ್ನಾಗಿ ಗೊತ್ತಿರುತ್ತದೆ, ಅದು ಬಾಯಿಂದ ಹೊರಬರುವುದಿಲ್ಲ, ನಿಮಗೆ ಬಾಯಿಯ ತೊಂದರೆಯಿಲ್ಲ, ಪದವೋ ಮುಂದಿನ ವಾಕ್ಯದ ರೂಪವೋ ಇನ್ನೂ ಕೈಗೆ ಸಿಕ್ಕಿರುವುದಿಲ್ಲ. ನೀವು ವಿವರಿಸಿದ ಮೂರು ಬಗೆಗಳಲ್ಲಿ ಯಾವುದೂ ಉಗ್ಗಿನ ಗುರುತಲ್ಲ, ಕನ್ನಡದಲ್ಲಿ ತೊಂದರೆಯೂ ಇಲ್ಲ ಎನ್ನುತ್ತೀರಿ. ಆದ್ದರಿಂದ ವೈದ್ಯರ ಅಗತ್ಯ ಕಾಣುವುದಿಲ್ಲ. ಇದನ್ನು ಓದುತ್ತಿರುವ ಬೇರೆ ಯಾರಿಗಾದರೂ ಮೇಲಿನ ಲಕ್ಷಣಗಳು ತಮ್ಮವೇ ಎನ್ನಿಸಿದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅಥವಾ ಹತ್ತಿರದ ವಾಕ್‌ತಜ್ಞರ ಬಳಿ ತೋರಿಸಿಕೊಳ್ಳಬೇಕು. ಅಂಥವರಿಗೆ ‘ಇಂಗ್ಲಿಷ್ ಅಭ್ಯಾಸ ಮಾಡು, ಸರಿಹೋಗುತ್ತದೆ’ ಎಂದು ಹೇಳಿ ಕಳುಹಿಸುವುದು ನಿಮ್ಮಂಥವರನ್ನು ಉಗ್ಗುವವನೆಂದು ಕರೆಯುವಷ್ಟೇ ತಪ್ಪು.

ಈಗ ಆ ಕಾರಣಕ್ಕೆ ಬರುತ್ತೇನೆ. ಇಬ್ಬರು ವಿದ್ಯಾರ್ಥಿಗಳು ಒಂದೇ ಮಾತನ್ನು ಹೇಳುತ್ತಿದ್ದಾರೆಂದು ಭಾವಿಸಿ. ಒಬ್ಬನು ‘ವಿ ಹೀಟೆಡ್ ದ ಸೊಲ್ಯೂಷನ್… ಉಂ… ಅಂಡ್ ದ ಕಲರ್ ಚೇಂಜ್ಡ್’ ಎನ್ನುತ್ತಾನೆ. ಇನ್ನೊಬ್ಬನು ‘ವಿ ಹೀಟೆಡ್ ದ… ಉಂ… ಸೊಲ್ಯೂಷನ್ ಅಂಡ್ ದ ಕಲರ್ ಚೇಂಜ್ಡ್’ ಎನ್ನುತ್ತಾನೆ. ‘ಉಂ’ ಇಬ್ಬರಲ್ಲೂ ಒಂದೇ, ಅವಧಿಯೂ ಒಂದೇ ಇರಲಿ. ಮೊದಲನೆಯವನು ನಿಂತದ್ದು ಕೇಳುವವರ ಗಮನಕ್ಕೇ ಬರುವುದಿಲ್ಲ. ಎರಡನೆಯವನು ಎಡವಿದನೆಂದು ಎಲ್ಲರಿಗೂ ಅನ್ನಿಸುತ್ತದೆ. ಮೊದಲನೆಯ ನಿಲುಗಡೆ ಎರಡು ಉಪವಾಕ್ಯಗಳ ನಡುವೆ ಬಿದ್ದಿದೆ, ಎರಡನೆಯದು ಒಂದು ಪದಗುಚ್ಛವನ್ನೇ ಸೀಳಿದೆ. ಪರ್ವಾನೆ ತವಕೋಲಿ ಎಂಬ ಸಂಶೋಧಕಿ 2011ರಲ್ಲಿ ತೋರಿಸಿದ್ದು ಇದನ್ನೇ: ತಾಯ್ನುಡಿಯಾಗಿ ಇಂಗ್ಲಿಷ್ ಆಡುವವರೂ ಅದನ್ನು ಕಲಿಯುತ್ತಿರುವವರೂ ನಿಲ್ಲುತ್ತಾರೆ, ಆದರೆ ಮೊದಲಿನವರು ಹೆಚ್ಚಾಗಿ ಉಪವಾಕ್ಯದ ಕೊನೆಯಲ್ಲಿ ನಿಲ್ಲುತ್ತಾರೆ, ಕಲಿಯುವವರು ಅದರ ನಡುವೆ ನಿಲ್ಲುತ್ತಾರೆ. ನಮ್ಮ ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಯನ್ನು ನೆನಪಿಸಿಕೊಳ್ಳಿ. ಬರೆದಿಟ್ಟ ಮಾತಿಲ್ಲದೆ ರಾತ್ರಿಯಿಡೀ ವಾದಿಸುವ ಅವರೂ ನಿಲ್ಲುತ್ತಾರೆ, ದೀರ್ಘವಾಗಿಯೇ ನಿಲ್ಲುತ್ತಾರೆ. ಆದರೆ ಮಾತಿನ ತಿರುವಿನಲ್ಲಿ ನಿಲ್ಲುವುದರಿಂದ ಆ ಮೌನವನ್ನು ನಾವು ಗಾಂಭೀರ್ಯವೆಂದು ಕೇಳುತ್ತೇವೆ.

ಆದ್ದರಿಂದ ‘ಅ…’ಗಳನ್ನು ಹೋಗಲಾಡಿಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿದ್ದಿ, ಅವುಗಳನ್ನು ವಾಕ್ಯದ ನಡುವಿನಿಂದ ವಾಕ್ಯದ ಅಂಚಿಗೆ ಸರಿಸುವುದು ಹೇಗೆ ಎಂದು ಕೇಳಿಕೊಳ್ಳಬೇಕು. ಹಾಗೆ ಸರಿಸಬೇಕಾದರೆ ಅವು ನಡುವೆ ಬೀಳುವುದೇಕೆ ಎಂಬುದು ತಿಳಿದಿರಬೇಕು.

ನೆದರ್ಲೆಂಡ್ಸ್‌ನ ಮನೋಭಾಷಾವಿಜ್ಞಾನಿ ವಿಲ್ಲೆಮ್ ಲೆವೆಲ್ಟ್ 1989ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಮಾತಿನ ಹಿಂದೆ ಮೂರು ಕೆಲಸಗಳು ನಡೆಯುತ್ತವೆ: ಏನು ಹೇಳಬೇಕೆಂಬ ಆಶಯ ರೂಪುಗೊಳ್ಳುವುದು, ಆ ಆಶಯಕ್ಕೆ ಪದಗಳೂ ವ್ಯಾಕರಣವೂ ಒದಗುವುದು, ಅದು ಉಚ್ಚಾರಣೆಯಾಗಿ ಹೊರಬರುವುದು. ಇವುಗಳ ಮೇಲೆ ಒಂದು ಮೇಲ್ವಿಚಾರಣೆಯೂ ಇರುತ್ತದೆ. ತಪ್ಪಿದಾಗ ತಿದ್ದಿಕೊಳ್ಳುವುದು ಅದರ ಕೆಲಸ. ತಾಯ್ನುಡಿಯಲ್ಲಿ ಎರಡನೆಯ ಮತ್ತು ಮೂರನೆಯ ಕೆಲಸಗಳು ತಾವಾಗಿಯೇ ನಡೆಯುವುದರಿಂದ, ಒಂದು ವಾಕ್ಯ ಬಾಯಿಂದ ಹೊರಡುತ್ತಿರುವಾಗಲೇ ಮುಂದಿನ ವಾಕ್ಯದ ಆಶಯ ಒಳಗೆ ಸಿದ್ಧವಾಗುತ್ತಿರುತ್ತದೆ. ಎಲ್ಲರೂ ಸೆಕೆಂಡಿಗೆ ಎರಡು ಮೂರು ಪದಗಳಂತೆ ಮಾತನಾಡಲು ಸಾಧ್ಯವಾಗಿರುವುದು ಹಾಗೆಯೇ. ಕಲಿತ ಭಾಷೆಯಲ್ಲಿ ಎರಡನೆಯ ಕೆಲಸವೂ ಗಮನವನ್ನು ಬೇಡುತ್ತದೆ. ಗಮನ ಇರುವುದು ಒಂದೇ. ಅದು ಪದ ಹುಡುಕಲು ಹೋದಾಗ ಆಶಯ ಕಾಯುತ್ತದೆ, ಆಶಯದ ಕಡೆ ಹೋದಾಗ ವ್ಯಾಕರಣ ಕಾಯುತ್ತದೆ, ಆ ಕಾಯುವಿಕೆಯೇ ‘ಅ…’ ಆಗಿ ಹೊರಗೆ ಕೇಳಿಸುತ್ತದೆ. ನೀವು ಬರೆಯುವಾಗ ಈ ಕಷ್ಟ ಕಾಣದಿರುವುದಕ್ಕೂ ಇದೇ ಕಾರಣ. ಬರವಣಿಗೆಯಲ್ಲಿ ಕಾದರೆ ಯಾರಿಗೂ ಕೇಳಿಸುವುದಿಲ್ಲ.

ಇಷ್ಟು ಯಾವ ದೇಶದ ವಿದ್ಯಾರ್ಥಿಗೂ ಅನ್ವಯಿಸುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಬಂದವರ ಮಾತು ತಡೆಯುವ ಕೆಲವು ನಿರ್ದಿಷ್ಟ ಜಾಗಗಳಿವೆ. ಅನೇಕ ವರ್ಷ ಇಂಥ ಸೆಮಿನಾರುಗಳನ್ನು ಕೇಳಿದವನಾಗಿ ಅವುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನ್ನಿಸುತ್ತದೆ.

ಮೊದಲನೆಯದು ಪದಗಳ ಕ್ರಮ. ‘ನಿನ್ನೆ ಲ್ಯಾಬಿನಲ್ಲಿ ನಾವು ಬಳಸಿದ ದ್ರಾವಣದ ಸಾಂದ್ರತೆ ಹೆಚ್ಚಾಗಿತ್ತು’ ಎಂಬ ವಾಕ್ಯವನ್ನು ನೋಡಿ. ಕನ್ನಡದಲ್ಲಿ ವಿವರಗಳೆಲ್ಲ ಮುಂದೆ ಬಂದು, ಯಾವುದರ ಬಗ್ಗೆ ಮಾತು ಎಂಬುದು ಆಮೇಲೆ ಬಂದು, ಏನಾಯಿತು ಎಂಬ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ತಿರುವುಮುರುವು: ‘ದ ಕಾನ್ಸೆಂಟ್ರೇಷನ್’ ಎಂದು ಆರಂಭಿಸಿ, ‘ಆಫ್ ದ ಸೊಲ್ಯೂಷನ್’ ಎಂದು ಮುಂದುವರಿದು, ಆಮೇಲೆ ‘ವಿ ಯೂಸ್ಡ್ ಇನ್ ದ ಲ್ಯಾಬ್ ಯೆಸ್ಟರ್ಡೇ’ ಎಂಬ ವಿವರಕ್ಕೆ ಬರಬೇಕು. ಕನ್ನಡದಲ್ಲಿ ಯೋಚಿಸಿದ ವಿದ್ಯಾರ್ಥಿಗೆ ಮೊದಲು ಸಿಗುವುದು ‘ನಿನ್ನೆ ಲ್ಯಾಬಿನಲ್ಲಿ’. ಅವನು ‘ಯೆಸ್ಟರ್ಡೇ ಇನ್ ದ ಲ್ಯಾಬ್ ವಿ ಯೂಸ್ಡ್…’ ಎಂದು ಹೊರಡುತ್ತಾನೆ, ‘ಬಳಸಿದ’ ಎಂಬ ಕೃದಂತಕ್ಕೆ ಸಮನಾದ ರೂಪ ಆ ಜಾಗದಲ್ಲಿ ಇಂಗ್ಲಿಷಿನಲ್ಲಿ ಇಲ್ಲದಿರುವುದರಿಂದ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ, ವಾಕ್ಯವನ್ನು ಬಿಟ್ಟು ‘ದ ಸೊಲ್ಯೂಷನ್… ದ ಕಾನ್ಸೆಂಟ್ರೇಷನ್…’ ಎಂದು ಮತ್ತೆ ತೊಡಗುತ್ತಾನೆ. ನಿಮ್ಮ 94ರಲ್ಲಿ ಅರ್ಧಕ್ಕೆ ಬಿಟ್ಟ ವಾಕ್ಯಗಳೆಷ್ಟು ಎಂದು ನೋಡಿ. ಅವುಗಳಲ್ಲಿ ಬಹುಪಾಲು ಹೀಗೇ ಹುಟ್ಟಿರುತ್ತವೆ ಎಂಬುದು ನನ್ನ ಊಹೆ.

ಕ್ರಿಯಾಪದದ ವಿಚಾರವೂ ಇದಕ್ಕೆ ಸೇರಿದ್ದು. ಕನ್ನಡದಲ್ಲಿ ಕಾಲ, ಲಿಂಗ, ವಚನಗಳೆಲ್ಲ ಕೊನೆಯ ಪದದ ಬಾಲದಲ್ಲಿರುವುದರಿಂದ, ವಾಕ್ಯ ಹೊರಟ ಮೇಲೂ ಅವುಗಳನ್ನು ತೀರ್ಮಾನಿಸಲು ನಮಗೆ ಬೇಕಾದಷ್ಟು ಸಮಯವಿರುತ್ತದೆ. ಇಂಗ್ಲಿಷಿನಲ್ಲಿ ಎರಡನೆಯ ಅಥವಾ ಮೂರನೆಯ ಪದಕ್ಕೇ ‘ಈಸ್’ ಆಗಬೇಕೋ ‘ವಾಸ್’ ಆಗಬೇಕೋ ‘ಹ್ಯಾಸ್ ಬೀನ್’ ಆಗಬೇಕೋ ಎಂಬುದು ತೀರ್ಮಾನವಾಗಿರಬೇಕು. ಕರ್ತೃಪದದ ನಂತರ ನಮ್ಮವರು ಒಂದು ಕ್ಷಣ ನಿಲ್ಲುವುದು ಈ ತೀರ್ಮಾನಕ್ಕಾಗಿ.

ಎರಡನೆಯದು ನನಗೆ ಇನ್ನೂ ಕುತೂಹಲಕರವೆನಿಸುವ ಜಾಗ. ಲ್ಯಾಬಿನಲ್ಲಿ ನೀವೂ ಗೆಳೆಯರೂ ಹೇಗೆ ಮಾತನಾಡುತ್ತೀರಿ? ‘ಸೊಲ್ಯೂಷನ್ ಫಿಲ್ಟರ್ ಮಾಡಿದ್ವಿ, ಆಮೇಲೆ ಡೈಲ್ಯೂಟ್ ಮಾಡಿ ಹೀಟ್ ಮಾಡಿದಾಗ ಕಲರ್ ಚೇಂಜ್ ಆಯ್ತು.’ ಇಲ್ಲಿ ಪದಗಳೆಲ್ಲ ಇಂಗ್ಲಿಷಿನವು, ಅವನ್ನು ಹೊತ್ತಿರುವ ಚೌಕಟ್ಟು ಕನ್ನಡದ್ದು. ‘ಮಾಡು’, ‘ಆಗು’ ಎಂಬ ಎರಡೇ ಕ್ರಿಯಾಪದಗಳು ಇಡೀ ರಸಾಯನಶಾಸ್ತ್ರವನ್ನು ನಿರ್ವಹಿಸುತ್ತಿವೆ. ಇದನ್ನು ದೋಷವೆಂದು ನಾನು ಭಾವಿಸುವುದಿಲ್ಲ, ಅದು ಒಳ್ಳೆಯ ಕೆಲಸಗಾರ ಭಾಷೆ. ಆದರೆ ಅದರ ಪರಿಣಾಮವಾಗಿ ‘ಫಿಲ್ಟರ್’ ಎಂಬ ಪದವನ್ನು ಸಾವಿರ ಸಲ ಹೇಳಿದ ವಿದ್ಯಾರ್ಥಿಯೂ ‘ವಿ ಫಿಲ್ಟರ್ಡ್ ಇಟ್’ ಎಂದು ಬಾಯಿಬಿಟ್ಟು ಒಮ್ಮೆಯೂ ಹೇಳಿರುವುದಿಲ್ಲ. ಸೆಮಿನಾರಿನಲ್ಲಿ ‘ಮಾಡಿದ್ವಿ’ ಇರಬೇಕಾಗಿದ್ದ ಕಡೆ ಅವನಿಗೆ ಖಾಲಿ ಜಾಗ ಎದುರಾಗುತ್ತದೆ: ‘ವಿ… ಅ… ಡಿಡ್ ಫಿಲ್ಟರ್… ಫಿಲ್ಟರಿಂಗ್…’. ಪಾರಿಭಾಷಿಕ ಪದಗಳು ಬರುತ್ತವೆ, ಅವುಗಳನ್ನು ಜೋಡಿಸುವ ಸಣ್ಣ ಪದಗಳು ಬರುವುದಿಲ್ಲ. ‘ನನಗೆ ಶಬ್ದಸಂಪತ್ತು ಸಾಲದು’ ಎಂದುಕೊಂಡು ದಪ್ಪನೆಯ ಪದಗಳ ಪಟ್ಟಿ ಉರುಹೊಡೆಯುವವರು ತಮ್ಮ ರೋಗವನ್ನೇ ತಪ್ಪಾಗಿ ಗುರುತಿಸಿಕೊಂಡಿರುತ್ತಾರೆ.

ಮೂರನೆಯದು ತಡವರಿಸುವ ರೀತಿಯೇ. ಕನ್ನಡದಲ್ಲಿ ನಿಮಗೆ ತೊಂದರೆ ಇಲ್ಲ ಎಂದಿರಿ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಕೊನೆಗೊಳ್ಳುವುದರಿಂದ, ಆ ಕೊನೆಯ ಸ್ವರವನ್ನೇ ಎಳೆದು ನಾವು ಸಮಯ ಗಳಿಸುತ್ತೇವೆ: ‘ಅವನೂ… ನಿನ್ನೇ… ಊರಿಗೇ…’. ಅದು ಸಾಲದಾದಾಗ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಮತ್ತೆ’, ‘ಅದೇ ಅದು’ ಇವೆ. ಹೆಸರು ಹೊಳೆಯದಿದ್ದರೆ ‘ಇದು’ ಇದೆ, ಕ್ರಿಯಾಪದವೇ ಹೊಳೆಯದಿದ್ದರೆ ‘ಅದನ್ನ ಸ್ವಲ್ಪ ಇದು ಮಾಡು’ ಎನ್ನುವಷ್ಟು ಸೌಕರ್ಯವೂ ಇದೆ. ಇವೆಲ್ಲ ತಡವರಿಕೆಗಳೇ, ಕನ್ನಡದ ಕಿವಿಗೆ ಕೇಳಿಸುವುದಿಲ್ಲ, ಅಷ್ಟೆ. ಇಂಗ್ಲಿಷಿನ ಪದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುವುದರಿಂದ ಎಳೆಯಲು ಸ್ವರ ಸಿಗದೆ ನಾವು ‘ಅಂಡ-ಅ’, ‘ಬಟ-ಅ’ ಎಂದು ಸ್ವರವನ್ನು ಅಂಟಿಸುತ್ತೇವೆ, ಇಲ್ಲವೇ ಸುಮ್ಮನೆ ನಿಂತುಬಿಡುತ್ತೇವೆ. ಇಂಗ್ಲಿಷಿಗೆ ಅದರದೇ ಆದ ‘ವೆಲ್’, ‘ಐ ಮೀನ್’, ‘ಲೆಟ್ ಮಿ ಪುಟ್ ಇಟ್ ದಿಸ್ ವೇ’ಗಳಿವೆ, ಆದರೆ ಪಠ್ಯಪುಸ್ತಕದಿಂದ ಇಂಗ್ಲಿಷ್ ಕಲಿತವರಿಗೆ ಅವುಗಳ ಪರಿಚಯವೇ ಇರುವುದಿಲ್ಲ, ಏಕೆಂದರೆ ಯಾವ ಪಠ್ಯಪುಸ್ತಕವೂ ತಡವರಿಸುವುದಿಲ್ಲ.

ಈ ಕಾರಣಕ್ಕೆ ನಿಮಗೊಂದು ಕೆಲಸ ಹೇಳುತ್ತೇನೆ: ಅದೇ ಸೆಮಿನಾರಿನ ವಿಷಯವನ್ನು ಕನ್ನಡದಲ್ಲಿ ಹತ್ತು ನಿಮಿಷ ಯಾರಿಗಾದರೂ ವಿವರಿಸಿ, ರೆಕಾರ್ಡ್ ಮಾಡಿ, ಎಣಿಸಿ. ನೆದರ್ಲೆಂಡ್ಸ್‌ನಲ್ಲಿ ನಿವ್ಯಾ ದ ಯೊಂಗ್ ಮತ್ತು ಅವರ ಸಹೋದ್ಯೋಗಿಗಳು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಹಾಗೂ ಟರ್ಕಿಷ್ ಭಾಷಿಕರನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯ್ನುಡಿಯಲ್ಲಿ ಹೆಚ್ಚು ನಿಲ್ಲುವವರು ಕಲಿತ ಭಾಷೆಯಲ್ಲೂ ಹೆಚ್ಚು ನಿಲ್ಲುತ್ತಾರೆ ಎಂಬುದು ಕಂಡುಬಂದಿತು. ನಿಮ್ಮ 94ರಲ್ಲಿ ಒಂದು ಪಾಲು ಇಂಗ್ಲಿಷಿನದೇ ಅಲ್ಲ, ನಿಮ್ಮ ಸ್ವಭಾವದ್ದು. ಅದನ್ನು ಕಳೆದು ಉಳಿದದ್ದರ ಬಗ್ಗೆ ಮಾತ್ರ ಚಿಂತಿಸಿದರೆ ಸಾಕು.

ತಿದ್ದುಪಡಿಗಳ ಬಗ್ಗೆ ಒಂದು ಮಾತು. ಲೆವೆಲ್ಟ್ ಅವರು 1983ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬಣ್ಣಬಣ್ಣದ ಚುಕ್ಕೆಗಳ ಚಿತ್ರಗಳನ್ನು ತಮ್ಮದೇ ಡಚ್ ಭಾಷೆಯಲ್ಲಿ ವರ್ಣಿಸುತ್ತಿದ್ದವರು, ಬಣ್ಣದ ಹೆಸರನ್ನು ತಪ್ಪಾಗಿ ಹೇಳಿದ ಸಂದರ್ಭಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಲ ಮಾತ್ರ ತಿದ್ದಿಕೊಂಡರು. ತಾಯ್ನುಡಿಯವರು ಅಷ್ಟು ಉದಾರಿಗಳು. ನಮ್ಮ ವಿದ್ಯಾರ್ಥಿಗಳು ‘ಇಟ್ ಶೋ… ಶೋಸ್’, ‘ಎ… ಆನ್ ಆಸಿಡ್’ ಎಂದು ಅರ್ಥಕ್ಕೆ ಏನೂ ಧಕ್ಕೆಯಿಲ್ಲದ ಕಡೆಯಲ್ಲೂ ಹಿಂದಿರುಗಿ ತಿದ್ದುತ್ತಾರೆ. ಹನ್ನೆರಡು ವರ್ಷ ವ್ಯಾಕರಣದ ತಪ್ಪಿಗೆ ಕೆಂಪು ಗೆರೆ ಎಳೆಸಿಕೊಂಡ ಮೇಲೆ ಆ ಕೆಂಪು ಪೆನ್ನು ತಲೆಯೊಳಗೇ ಬಂದು ಕುಳಿತಿರುತ್ತದೆ. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಿರುವುದರಿಂದ ನೀವು ಕಲಿತ ವರ್ಷಗಳೇನೂ ಕಡಿಮೆಯಲ್ಲ. ಆ ವರ್ಷಗಳಲ್ಲಿ ನಿಮ್ಮ ಸ್ವಂತ ವಿಚಾರವನ್ನು ಇಂಗ್ಲಿಷಿನಲ್ಲಿ ಆಡಿದ ನಿಮಿಷಗಳೆಷ್ಟು ಎಂದು ಕೂಡಿಸಿದರೆ ಉತ್ತರ ಸಿಗುತ್ತದೆ. ವಿಪರ್ಯಾಸವೆಂದರೆ, ಅರ್ಥದ ಕಡೆ ಗಮನವಿಟ್ಟು ಕೆಲಸ ಮಾಡುತ್ತ ಹೋದರೆ ವ್ಯಾಕರಣ ತಾನೇ ಒದಗುತ್ತದೆ ಎಂಬ ವಿಚಾರವನ್ನು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಪ್ರಯೋಗಿಸಿದರು, ಭಾಷಾಶಿಕ್ಷಣದ ಲೋಕ ಅದನ್ನು ಇವತ್ತಿಗೂ ‘ಬೆಂಗಳೂರು ಯೋಜನೆ’ ಎಂದೇ ಕರೆಯುತ್ತದೆ. ನಮ್ಮ ತರಗತಿಗಳಲ್ಲಿ ಅದರ ಗುರುತು ಹುಡುಕಿದರೂ ಸಿಗುವುದು ಕಷ್ಟ.

ಭಯದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ವಾಡಿಕೆಯಾಗಿದೆ. 1956ರಲ್ಲಿಯೇ ಜಾರ್ಜ್ ಮಾಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತೋರಿಸಿದ ಸಂಗತಿಯೊಂದು ನಿಮಗೆ ಉಪಯುಕ್ತವಾದೀತು: ಆತಂಕ ಹೆಚ್ಚಿದಾಗ ಪದಗಳ ಪುನರುಕ್ತಿ, ವಾಕ್ಯ ಬದಲಾಯಿಸುವುದು, ಅರ್ಧಕ್ಕೆ ಬಿಡುವುದು ಹೆಚ್ಚಾದವು, ‘ಅ…’ ಮಾತ್ರ ಹೆಚ್ಚಲಿಲ್ಲ. ‘ಅ…’ ಭಯದ ಗುರುತಲ್ಲ, ಯೋಚನೆಯ ಗುರುತು. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಅವರು 2002ರಲ್ಲಿ ಇನ್ನೂ ಮುಂದೆ ಹೋಗಿ, ಇಂಗ್ಲಿಷಿನ ‘ಅ’ ಮತ್ತು ‘ಅಂ’ ಎರಡನ್ನೂ ಪದಗಳೆಂದೇ ಪರಿಗಣಿಸಬೇಕು, ಮೊದಲನೆಯದು ಸಣ್ಣ ವಿಳಂಬವನ್ನೂ ಎರಡನೆಯದು ದೊಡ್ಡ ವಿಳಂಬವನ್ನೂ ಕೇಳುಗನಿಗೆ ಮುಂಚಿತವಾಗಿ ಸೂಚಿಸುತ್ತವೆ ಎಂದು ವಾದಿಸಿದರು. ಅವುಗಳನ್ನು ಬಲವಂತದಿಂದ ನುಂಗಿದರೆ ಉಳಿಯುವುದು ವಾಕ್ಯದ ನಡುವಿನ ಬರಿಯ ಮೌನ, ಅದು ಕೇಳುಗರನ್ನು ಇನ್ನಷ್ಟು ಗೊಂದಲಕ್ಕೀಡುಮಾಡುತ್ತದೆ. ‘ಅ…’ ಎಂದಾಗಲೆಲ್ಲ ದಂಡ ಹಾಕುವ ಇಂಗ್ಲಿಷ್ ಸಂಭಾಷಣಾ ತರಗತಿಗಳ ಬಗ್ಗೆ ನನಗೆ ಗೌರವವಿಲ್ಲದಿರುವುದು ಇದಕ್ಕೇ.

ಕೇಳುಗರೂ ನಿರ್ದೋಷಿಗಳಲ್ಲ. ಹಾನ್ಸ್ ರಟ್ಗರ್ ಬಾಸ್ಕರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಡಚ್ ತಾಯ್ನುಡಿಯವನು ‘ಅ…’ ಎಂದಾಗ ಕೇಳುಗರ ಕಣ್ಣು ತಟ್ಟನೆ ಎದುರಿನ ಚಿತ್ರಗಳಲ್ಲಿ ಅಪರೂಪದ ಹೆಸರಿನ ವಸ್ತುವಿನತ್ತ ಹೊರಳಿತು, ಇವನು ಕಷ್ಟದ ಪದವೊಂದನ್ನು ಹುಡುಕುತ್ತಿದ್ದಾನೆಂದು ಅವರು ಊಹಿಸಿದರು. ಪರಭಾಷೆಯ ಉಚ್ಚಾರಣೆಯುಳ್ಳವನು ಅದೇ ‘ಅ…’ ಎಂದಾಗ ಅಂಥ ಊಹೆ ನಡೆಯಲಿಲ್ಲ. ಒಬ್ಬನ ನಿಲುಗಡೆ ಸೂಚನೆಯಾಗುತ್ತದೆ, ಇನ್ನೊಬ್ಬನದು ಬರಿಯ ಸದ್ದಾಗುತ್ತದೆ. ಅಧ್ಯಾಪಕರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ವಿದ್ಯಾರ್ಥಿ ನಿಂತಾಗ ಪದವನ್ನು ನೀವೇ ಎತ್ತಿಕೊಡುವ ಮೊದಲು ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ತರಗತಿಗಳಲ್ಲಿ ಪ್ರಶ್ನೆಯ ನಂತರ ಅಧ್ಯಾಪಕರು ಕಾಯುವುದು ಸುಮಾರು ಒಂದೇ ಸೆಕೆಂಡು, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ದೀರ್ಘವೂ ಉತ್ತಮವೂ ಆಗುತ್ತವೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಇನ್ನು ನೀವು ಮಾಡಬೇಕಾದದ್ದು. ಮೊದಲು, ಬಹುಶಃ ಈಗಾಗಲೇ ಮಾಡಲು ಹೊರಟಿರುವ ಒಂದನ್ನು ಮಾಡಬೇಡಿ: ಇಡೀ ಸೆಮಿನಾರನ್ನು ಬರೆದು ಬಾಯಿಪಾಠ ಮಾಡುವುದು. ಬಾಯಿಪಾಠ ಮಾಡಿದ್ದರಲ್ಲಿ ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರುತ್ತದೆ, ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಹಿಂದಿರುಗಲು ದಾರಿಯಿರುವುದಿಲ್ಲ, ಬರವಣಿಗೆಯ ಉದ್ದುದ್ದ ವಾಕ್ಯಗಳು ಉಸಿರಿಗೂ ಹೊಂದುವುದಿಲ್ಲ. ಮಗ್ಗಿಯಂತೆ ಒಪ್ಪಿಸುವವನನ್ನು ಪರೀಕ್ಷಕರು ಅರ್ಧ ನಿಮಿಷದಲ್ಲಿ ಗುರುತಿಸುತ್ತಾರೆ, ಆಮೇಲೆ ಕೇಳುವ ಪ್ರಶ್ನೆಗಳು ಕಠಿಣವಾಗುತ್ತವೆ.

ಬಾಯಿಪಾಠ ಮಾಡಲೇಬೇಕೆಂದಿದ್ದರೆ ವಾಕ್ಯಗಳ ತಲೆಗಳನ್ನು ಮಾತ್ರ ಮಾಡಿ. ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ 1983ರಲ್ಲಿ ಹೇಳಿದಂತೆ, ತಾಯ್ನುಡಿಯವರು ವಾಕ್ಯವನ್ನು ಪ್ರತಿ ಸಲವೂ ಪದ ಪದವಾಗಿ ಕಟ್ಟುವುದಿಲ್ಲ. ಅವರ ನೆನಪಿನಲ್ಲಿ ಸಿದ್ಧ ಗುಚ್ಛಗಳ ದೊಡ್ಡ ದಾಸ್ತಾನಿರುತ್ತದೆ. ‘ವಾಟ್ ವಿ ಫೌಂಡ್ ವಾಸ್ ದಟ್’, ‘ದ ರೀಸನ್ ಫಾರ್ ದಿಸ್ ಈಸ್ ದಟ್’, ‘ಇಫ್ ಯು ಲುಕ್ ಅಟ್ ದಿಸ್ ಗ್ರಾಫ್’, ‘ವಾಟ್ ದಿಸ್ ಮೀನ್ಸ್ ಈಸ್’ ಎಂಬಂಥ ಇಪ್ಪತ್ತು ಗುಚ್ಛಗಳು ತಡೆಯಿಲ್ಲದೆ ಒಂದೇ ಪದದಂತೆ ಬಾಯಿಗೆ ಬರಬೇಕು. ಅವುಗಳ ಗುಣವೆಂದರೆ ಗುಚ್ಛ ಹೊರಡುತ್ತಿರುವಷ್ಟು ಹೊತ್ತು ಗಮನ ಬಿಡುವಾಗಿರುತ್ತದೆ, ಗುಚ್ಛ ಮುಗಿದ ಜಾಗ ನಿಲ್ಲಲು ಯೋಗ್ಯವಾದ ಅಂಚೂ ಆಗಿರುತ್ತದೆ. ‘ವಾಟ್ ವಿ ಫೌಂಡ್ ವಾಸ್ ದಟ್…’ ಎಂದು ಎರಡು ಸೆಕೆಂಡು ನಿಂತರೆ ನೀವು ಏನೋ ಮುಖ್ಯವಾದದ್ದನ್ನು ಹೇಳಲಿದ್ದೀರೆಂದು ಸಭೆ ಭಾವಿಸುತ್ತದೆ. ಕನ್ನಡದ ಕ್ರಮ ಬಿಡಲಾಗದಿದ್ದಾಗ ಅದಕ್ಕೂ ಒಂದು ಉಪಾಯವಿದೆ: ‘ಯೆಸ್ಟರ್ಡೇ ವಿ ಯೂಸ್ಡ್ ಎ ಸೊಲ್ಯೂಷನ್. ಇಟ್ಸ್ ಕಾನ್ಸೆಂಟ್ರೇಷನ್ ವಾಸ್ ಹೈ’ ಎಂದು ಎರಡು ಚಿಕ್ಕ ವಾಕ್ಯಗಳಾಗಿ ಒಡೆಯಿರಿ. ಮಾತಿನಲ್ಲಿ ಅದು ಶುದ್ಧ ಇಂಗ್ಲಿಷೇ. ಲ್ಯಾಬಿನಲ್ಲಿ ನೀವು ‘ಮಾಡಿದ್ವಿ’, ‘ಆಯ್ತು’ ಹಚ್ಚಿ ಹೇಳುವ ಕ್ರಿಯೆಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಪ್ರತಿಯೊಂದನ್ನೂ ‘ವಿ’ ಮತ್ತು ‘ಇಟ್ ವಾಸ್’ ಎರಡರ ಜೊತೆಗೂ ಗಟ್ಟಿಯಾಗಿ ಹೇಳಿ. ಬರೆದರೆ ಸಾಲದು, ಬಾಯಿಗೆ ಅಭ್ಯಾಸವಾಗಬೇಕು.

ಅಭ್ಯಾಸದ ಕ್ರಮವಾಗಿ ನಾನು ಸೂಚಿಸುವುದು ಭಾಷಾಶಿಕ್ಷಕ ಪಾಲ್ ನೇಷನ್ ಪ್ರಚಾರಕ್ಕೆ ತಂದ ನಾಲ್ಕು-ಮೂರು-ಎರಡು ಎಂಬ ವಿಧಾನವನ್ನು. ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷದಲ್ಲಿ ಹೇಳಿ, ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ ಹೇಳಿ, ಮೂರನೆಯವರಿಗೆ ಎರಡು ನಿಮಿಷದಲ್ಲಿ ಹೇಳಬೇಕು. ಏನು ಹೇಳಬೇಕೆಂಬುದು ಮೊದಲ ಸುತ್ತಿನಲ್ಲೇ ತೀರ್ಮಾನವಾಗಿರುವುದರಿಂದ ಮುಂದಿನ ಸುತ್ತುಗಳಲ್ಲಿ ಗಮನವೆಲ್ಲ ಹೇಗೆ ಹೇಳಬೇಕೆಂಬುದಕ್ಕೆ ಸಿಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೊಡನೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಿಷಯವನ್ನು ಮೂರು ಸಲ ಹೇಳಿದವರ ಸರಾಗತೆ ಹೊಸ ವಿಷಯಗಳಿಗೂ ಹರಡಿ ಉಳಿಯಿತು. ಪ್ರತಿ ಸಲ ಬೇರೆ ವಿಷಯ ಹೇಳಿದವರಲ್ಲಿ ಹಾಗಾಗಲಿಲ್ಲ. ಅರ್ಥಧಾರಿಗಳೂ ಮಾಡುವುದು ಇದನ್ನೇ ಅಲ್ಲವೇ: ಪ್ರಸಂಗ ಅದೇ, ಎದುರಾಳಿ ಬೇರೆ, ಮಾತು ಪ್ರತಿ ರಾತ್ರಿ ಹೊಸದಾಗಿ ಹುಟ್ಟುತ್ತದೆ. ಒಂದು ಎಚ್ಚರಿಕೆ ಬೇಕು. ಮೊದಲ ಸುತ್ತಿನ ತಪ್ಪುಗಳು ಮೂರನೆಯ ಸುತ್ತಿನವರೆಗೂ ಹಾಗೆಯೇ ಸಾಗಿ ಗಟ್ಟಿಯಾಗುವುದನ್ನು ಈ ವಿಧಾನವನ್ನು ಮರುಪರಿಶೀಲಿಸಿದವರು ಗಮನಿಸಿದ್ದಾರೆ. ಆದ್ದರಿಂದ ಮೊದಲ ಸುತ್ತಿನ ನಂತರ ಯಾರಾದರೂ ಎರಡು ಮೂರು ಮುಖ್ಯ ತಪ್ಪುಗಳನ್ನು ಹೇಳಿಕೊಡಲಿ, ಅದಕ್ಕಿಂತ ಹೆಚ್ಚು ಬೇಡ. ಹಾಸ್ಟೆಲಿನಲ್ಲಿ ನಿಮ್ಮದೇ ಪರಿಸ್ಥಿತಿಯ ಮೂವರು ಸಿಕ್ಕೇ ಸಿಗುತ್ತಾರೆ. ಸರದಿಯಂತೆ ಒಬ್ಬರಿಗೊಬ್ಬರು ಕೇಳುಗರಾಗಿ.

ಆರು ವಾರಗಳಲ್ಲಿ ಏನಾದೀತು ಎಂದು ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಯಾವ ವಿಷಯದ ಮೇಲಾದರೂ ಸರಾಗವಾಗಿ ಮಾತನಾಡುವುದು ಆರು ವಾರದ ಮಾತಲ್ಲ. ನಿಮ್ಮ ಸ್ವಂತ ಪ್ರಯೋಗದ ಬಗ್ಗೆ, ಕೇಳಬಹುದಾದ ಹದಿನೈದಿಪ್ಪತ್ತು ಪ್ರಶ್ನೆಗಳ ವ್ಯಾಪ್ತಿಯಲ್ಲಿ, ಅಂಚಿನಲ್ಲಿ ನಿಂತು ಅಂಚಿನಿಂದ ಹೊರಡುವಷ್ಟು ಹಿಡಿತ ಬರುವುದಕ್ಕೆ, ದಿನಕ್ಕೆ ಅರ್ಧ ಗಂಟೆ ಕೊಟ್ಟರೆ, ಆ ಅವಧಿ ಸಾಕು. ಪ್ರಶ್ನೆ ಬಂದ ಕೂಡಲೇ ಉತ್ತರಕ್ಕೆ ಹಾರಬೇಡಿ. ‘ಸೋ ಯು ಆರ್ ಆಸ್ಕಿಂಗ್ ವೈ…’ ಎಂದು ಪ್ರಶ್ನೆಯನ್ನೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಪ್ರಶ್ನೆ ಸರಿಯಾಗಿ ಅರ್ಥವಾಗಿದೆಯೇ ಎಂಬುದೂ ತಿಳಿಯುತ್ತದೆ, ನಾಲ್ಕೈದು ಸೆಕೆಂಡು ಸಮಯವೂ ಸಿಗುತ್ತದೆ.

ಆರನೆಯ ವಾರ ಗೆಳೆಯನಿಂದ ಮತ್ತೊಮ್ಮೆ ರೆಕಾರ್ಡ್ ಮಾಡಿಸಿ. ಈ ಸಲ ಎರಡು ಕಾಲಂ ಹಾಕಿಕೊಂಡು, ವಾಕ್ಯದ ಅಂಚಿನಲ್ಲಿ ಬಿದ್ದವನ್ನು ಒಂದರಲ್ಲೂ ನಡುವೆ ಬಿದ್ದವನ್ನು ಇನ್ನೊಂದರಲ್ಲೂ ಗುರುತು ಹಾಕಿ. ಹಳೆಯ ರೆಕಾರ್ಡಿಂಗನ್ನೂ ಹಾಗೆಯೇ ವಿಂಗಡಿಸಿಟ್ಟುಕೊಳ್ಳಿ. ಒಟ್ಟು ಸಂಖ್ಯೆ ಆಗಲೂ 94ರ ಹತ್ತಿರವೇ ಇದ್ದು ಎರಡನೆಯ ಕಾಲಂ ಅರ್ಧದಷ್ಟು ಖಾಲಿಯಾಗಿದ್ದರೆ, ಪರೀಕ್ಷಕರ ಎದುರಿಗೆ ಹೋಗಲು ನೀವು ಸಿದ್ಧರಾಗಿದ್ದೀರಿ.